ಮಂಗಳೂರಿಗೆ ಹೊರಡುವ ಮುನ್ನ

ಶುಕ್ರವಾರವೋ ಸೋಮವಾರವೋ ಒಂದು ಸರ್ಕಾರಿ ರಜೆ ಬಂದು ಶನಿವಾರ, ಭಾನುವಾರಗಳೊಡನೆ ಕೂಡಿಕೊಂಡರೆ ಸಾಕು, ಬೆಂಗಳೂರು, ತುಮಕೂರುಗಳಲ್ಲಿ ನೆಲೆಸಿರುವ ನನ್ನ ಶಿಷ್ಯರಿಂದ ದೂರವಾಣಿ ಕರೆ ಬರುತ್ತದೆ. "ಸಾರ್, ಮಕ್ಕಳನ್ನು ಕರೆದುಕೊಂಡು ಮಂಗಳೂರಿಗೆ ಹೊರಟಿದ್ದೇವೆ. ಏನೇನು ನೋಡಬಹುದು?" ಪಣಂಬೂರಿನ ಕಡಲತೀರ, ಕದ್ರಿ, ಮಂಗಳಾದೇವಿ, ಕುದ್ರೋಳಿ ಎಂಬ ಪಟ್ಟಿ ಅವರ ಬಳಿ ಮೊದಲೇ ಸಿದ್ಧವಾಗಿರುತ್ತದೆ. ನನ್ನ ಉತ್ತರ ಒಂದೇ: ಹೊರಡುವ ಮುನ್ನ ಮಕ್ಕಳಿಗೆ ನಮ್ಮ ಮಧುಗಿರಿ ಬೆಟ್ಟವನ್ನು ತೋರಿಸಿ. ಅದನ್ನು ಕಾಣದೆ ಹೋದವರಿಗೆ ಮಂಗಳೂರು ಅರ್ಧವೇ ಕಂಡೀತು.

ಇದು ಊರಿನ ಅಭಿಮಾನದ ಮಾತಲ್ಲ. ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ ಮಂಗಳೂರು ಬಂದರು ಕೆಳದಿಯ ಅರಸರಿಗೆ ಸೇರಿತ್ತು. ಘಟ್ಟದ ಮೇಲಿನ ಬಿದನೂರಿನಲ್ಲಿ ಕುಳಿತು ಕರಾವಳಿಯ ಅಕ್ಕಿ, ಮೆಣಸುಗಳ ವ್ಯಾಪಾರದಿಂದ ಸಿರಿವಂತವಾಗಿದ್ದ ಆ ಮನೆತನದ ಕೊನೆಯ ರಾಣಿ ವೀರಮ್ಮಾಜಿ. ಬಸಾಲತ್ ಜಂಗನಿಂದ 1761ರಲ್ಲಿ ಶಿರಾದ ನವಾಬನೆಂಬ ಬಿರುದನ್ನು ಪಡೆದ ಹೈದರ್ ಅಲಿ 1763ರಲ್ಲಿ ಬಿದನೂರನ್ನು ಗೆದ್ದುಕೊಂಡ. ಅದರೊಡನೆ ಮಂಗಳೂರೂ ಅವನ ಕೈಸೇರಿ ನೌಕಾನೆಲೆಯಾಯಿತು. ರಾಣಿಯನ್ನು ತಂದು ಸೆರೆಯಿಟ್ಟದ್ದೆಲ್ಲಿ? ನಮ್ಮ ಮಧುಗಿರಿಯ ಕೋಟೆಯಲ್ಲಿ! 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಈ ಕೋಟೆಯನ್ನು ಹಿಡಿದಾಗ ಆಕೆಗೆ ಬಿಡುಗಡೆಯಾಯಿತು. ಆದರೆ ಪುಣೆಯ ದಾರಿಯಲ್ಲಿಯೇ ತೀರಿಕೊಂಡಳೆಂದು ಹೇಳುತ್ತಾರೆ.

ಈ ಬೆಟ್ಟ ಏಷ್ಯಾದಲ್ಲಿಯೇ ಎರಡನೆಯ ದೊಡ್ಡ ಏಕಶಿಲೆಯೆಂದು ಹೇಳಿಕೊಳ್ಳಲು ನಮ್ಮವರು ದಣಿಯುವುದಿಲ್ಲ (ಅಳೆದವರು ಯಾರೋ!). ಅದೇ ಬಂಡೆಯ ಮೇಲೆ ಕರಾವಳಿಯನ್ನಾಳಿದ ಹೆಣ್ಣುಮಗಳೊಬ್ಬಳು ನಾಲ್ಕು ವರ್ಷ ಸೆರೆಯಲ್ಲಿ ಕಳೆದಳೆಂಬುದನ್ನು ಹೇಳುವವರು ವಿರಳ. ಕಿತ್ತೂರು ಚೆನ್ನಮ್ಮ, ಒನಕೆ ಓಬವ್ವರ ಹೆಸರು ನಮ್ಮ ಮಕ್ಕಳ ನಾಲಗೆಯ ಮೇಲಿದೆ. ವೀರಮ್ಮಾಜಿ ಯಾರೆಂದರೆ ಮುಖ ನೋಡುತ್ತಾರೆ. ಸೋತವರ ಕಥೆಯೆಂದು ಬಿಟ್ಟೆವೇನೋ.

ಬೆಟ್ಟವನ್ನು ಕಂಡು ಹೋದ ಮಗುವಿಗೆ ಬೋಳೂರಿನ ಹೊಳೆದಂಡೆಯಲ್ಲಿರುವ, ಟಿಪ್ಪು 1784ರಲ್ಲಿ ಕಟ್ಟಿಸಿದ ಸುಲ್ತಾನ್ ಬತೇರಿಯ ಕರಿಕಲ್ಲು ಬೇರೆಯೇ ಆಗಿ ಕಾಣುತ್ತದೆ. ಅದೇ ವರ್ಷ ಮಾರ್ಚಿಯಲ್ಲಿ ಇಂಗ್ಲಿಷರೊಡನೆ ಮಂಗಳೂರಿನ ಒಪ್ಪಂದವಾಯಿತು. ಯಾರ ಊರು, ಯಾರಿಂದ ಯಾರಿಗೆ ಹೋಯಿತು ಎಂಬ ಪ್ರಶ್ನೆ ಅಲ್ಲಿ ತಾನಾಗಿಯೇ ಹುಟ್ಟುತ್ತದೆ. ಎರಡನೆಯ ದಿನ ಬಲ್ಮಠದ ಕಡೆಗೆ ಹೋಗಿ. 1843ರಲ್ಲಿ ಮೋಗ್ಲಿಂಗರು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಊರು ಅದು. ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದೂ ಅಲ್ಲಿಯ ಬಾಸೆಲ್ ಮಿಷನ್ನಿನ ಮುದ್ರಣಾಲಯದಲ್ಲಿಯೇ. ನೀವು ಕುಳಿತು ಕಲಿತ ಕೊಠಡಿಗಳ ಮೇಲಿದ್ದ ಮಂಗಳೂರು ಹೆಂಚಿನ ಮೊದಲ ಕಾರ್ಖಾನೆಯನ್ನು 1865ರಲ್ಲಿ ಆರಂಭಿಸಿದವರೂ ಇದೇ ಮಿಷನ್ನಿನವರು. ಮಳೆಗಾಲದಲ್ಲಿ ಸೋರುತ್ತಿದ್ದುದು ಹೆಂಚಿನ ತಪ್ಪಲ್ಲ, ಕೋತಿಗಳದು!

ಕಡಲು ಬೇಡವೆಂದಲ್ಲ. ಶಾಲಾ ಪ್ರವಾಸದಲ್ಲಿ ಪಾವಗಡದ ಕಡೆಯ ಹುಡುಗನೊಬ್ಬ ಮೊದಲ ಬಾರಿಗೆ ಸಮುದ್ರವನ್ನು ಕಂಡು, ಬೊಗಸೆ ನೀರನ್ನು ಬಾಯಿಗಿಟ್ಟು ಉಗಿದು, "ಇಷ್ಟೊಂದ್ ನೀರಿದ್ದೂ ಕುಡಿಯಾಕಾಗಲ್ವಲ್ಲ ಸಾರ್, ನಮ್ಮೂರ ಬಾವೀನೇ ವಾಸಿ" ಎಂದಿದ್ದ. ಬತ್ತಿದ ಕೆರೆಗಳ ನಾಡಿನಿಂದ ಬಂದವನ ಆ ಮಾತಿನ ತೂಕ ಪಾವಗಡ, ಶಿರಾಗಳವರಿಗೆ ತಿಳಿಯುತ್ತದೆ. ನೀರುದೋಸೆ, ಗೋಳಿಬಜೆಗಳನ್ನೂ ತಿನ್ನಿ, ಬೇಡವೆನ್ನುವುದಿಲ್ಲ.

ಮೊದಲ ದಿನ ಸೂರ್ಯ ಏರುವ ಮುನ್ನ ಬೆಟ್ಟ ಹತ್ತಿ. ಮೇಲ್ಭಾಗ ಕಡಿದಾಗಿದೆ; ಚಿಕ್ಕವರೊಡನೆ ಕೆಳಗಿನ ಬಾಗಿಲುಗಳವರೆಗೆ ಹೋದರೂ ಸಾಕು. ಕೊರಟಗೆರೆಯವರಿಗೆ ಚನ್ನರಾಯನದುರ್ಗ ಹತ್ತಿರವಿದ್ದರೂ ಈ ಕಥೆಗೆ ಮಧುಗಿರಿಯೇ ಬೇಕು. ಅಲ್ಲಿಂದ ಶಿರಾ, ಹುಳಿಯಾರು, ಬಾಣಾವರ, ಬೇಲೂರು, ಮೂಡಿಗೆರೆ, ಚಾರ್ಮಾಡಿ. ಹಿಂದೆ ಇದೆಲ್ಲವೂ ಒಂದೇ 234ನೆಯ ರಾಷ್ಟ್ರೀಯ ಹೆದ್ದಾರಿಯಾಗಿತ್ತು, ಅದರ ಕೊನೆ ಮಂಗಳೂರು. ಈಗ ಸಂಖ್ಯೆಗಳು ಬದಲಾಗಿವೆ, ದಾರಿ ಅದೇ. ಮಳೆಗಾಲವಾದರೆ ಚಾರ್ಮಾಡಿಯಲ್ಲಿ ಮಣ್ಣು ಕುಸಿಯುವುದುಂಟು, ವಿಚಾರಿಸಿಕೊಂಡು ಹೊರಡಿ.