ಮರಿ ಕೊಟ್ಟರಷ್ಟೇ ಸಾಕೇ? ಕಾವು ಕೊಡುವವರು ಯಾರು?

ಮೊಟ್ಟೆಯೊಡೆದು ಹೊರಬಂದ ಕೋಳಿಮರಿಗೆ ಮೊದಲೆರಡು ದಿನ ಹೊಟ್ಟೆಯ ಚಿಂತೆ ಅಷ್ಟಾಗಿ ಇರುವುದಿಲ್ಲ. ಓಡು ಒಡೆಯುವ ಮುನ್ನವೇ ಅದು ಉಳಿದ ಹಳದಿ ಭಂಡಾರವನ್ನು ತನ್ನ ಹೊಟ್ಟೆಯೊಳಕ್ಕೆ ಎಳೆದುಕೊಂಡಿರುತ್ತದೆ. 48ರಿಂದ 72 ಗಂಟೆಗಳ ಕಾಲ ಅದರ ಮೇಲೆಯೇ ಜೀವ ಹಿಡಿಯಬಲ್ಲದು. ಹ್ಯಾಚರಿಗಳವರು ಒಂದು ದಿನದ ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಘಟ್ಟ ಇಳಿಸುವುದು ಈ ಧೈರ್ಯದ ಮೇಲೆಯೇ. ಮರಿ ತಾಳಲಾರದ್ದು ಚಳಿಯನ್ನು. ಸುಮಾರು 40 ಗ್ರಾಂ ತೂಗುವ, ಮೈಮೇಲೆ ಬರೀ ತುಪ್ಪುಳವಿರುವ ಆ ಜೀವಕ್ಕೆ ತನ್ನ ಮೈಬಿಸಿಯನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಮೊದಲ ವಾರದಲ್ಲಿ ಇರುವುದಿಲ್ಲ.

ಭಟ್ಕಳ, ಹೊನ್ನಾವರ, ಕುಮಟಾ ಎಂದರೆ ಸೆಕೆಯ ಊರುಗಳು, ಇಲ್ಲಿ ಮರಿಗೆಂಥ ಚಳಿ ಎಂದು ಯಾರಿಗಾದರೂ ಅನ್ನಿಸಬಹುದು. ಲೆಕ್ಕ ಹಾಕಿ ನೋಡಬೇಕು. ಮೊದಲ ವಾರದ ಮರಿಗೆ ಅದು ನಿಂತಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರಬಹುದು. ಜುಲೈ ತಿಂಗಳ ಜಡಿಮಳೆಯ ರಾತ್ರಿ ಈ ಕರಾವಳಿಯ ತಾಪಮಾನ 23–24 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಮನುಷ್ಯರಿಗೆ ಹಿತವಾದ ಆ ರಾತ್ರಿ ಮರಿಯ ಪಾಲಿಗೆ 11 ಡಿಗ್ರಿ ತಣ್ಣಗಿರುತ್ತದೆ. ವರ್ಷಕ್ಕೆ 3,000 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಸುರಿಯುವ ಸೀಮೆ ಇದು. ಇರಚಲು ಹೊಡೆದು ತುಪ್ಪುಳ ಒದ್ದೆಯಾಯಿತೆಂದರೆ ಬೆಳಗಾಗುವಷ್ಟರಲ್ಲಿ ಮರಿಗಳು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಸತ್ತಿರುತ್ತವೆ.

ಈ ಕೆಲಸವನ್ನೆಲ್ಲ ಹಿಂದೆ ಹೇಂಟೆ ನೋಡಿಕೊಳ್ಳುತ್ತಿತ್ತು. ಹತ್ತು ಹನ್ನೆರಡು ಮೊಟ್ಟೆ ಇಟ್ಟು ಕಾವಿಗೆ ಕೂರಿಸಿದರೆ 21 ದಿನಕ್ಕೆ ಮರಿ. ಆಮೇಲಿನ ವಾರಗಳಲ್ಲಿ ಮರಿಗಳನ್ನು ರೆಕ್ಕೆಯಡಿ ಬೆಚ್ಚಗಿಡುವುದು, ಕೆದಕಿ ಹುಳ ತೋರಿಸುವುದು, ಕಾಗೆ–ಹದ್ದುಗಳ ಮೇಲೆ ಏರಿಹೋಗುವುದು ಎಲ್ಲ ಅದರದೇ ಹೊಣೆ. ಮನೆಯ ಹೆಂಗಸರು ಒಂದು ಹಿಡಿ ನುಚ್ಚು ಹಾಕಿ, ಸಂಜೆ ಬುಟ್ಟಿ ಕವುಚಿದರೆ ಮುಗಿಯಿತು.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ತಳಿ ಹಳ್ಳಿಗಳಿಗೆ ಬಂದ ಮೇಲೆ ಲೆಕ್ಕ ಬದಲಾಯಿತು. ನಾಟಿ ಹೇಂಟೆ ವರ್ಷಕ್ಕೆ 50–60 ಮೊಟ್ಟೆ ಇಟ್ಟರೆ ಗಿರಿರಾಜ 130–150 ಇಡುತ್ತದೆ. 2005ರಲ್ಲಿ ಬಂದ ಸ್ವರ್ಣಧಾರ ಅದಕ್ಕಿಂತಲೂ ಹೆಚ್ಚು. ಬಣ್ಣ ಬಣ್ಣದ ಗರಿ, ಹಿತ್ತಲಲ್ಲಿ ಮೇಯುವ ಗುಣ, ಬೇಗ ತೂಕ ಬರುವ ಮೈಕಟ್ಟು ಇರುವ ಈ ತಳಿಗಳು ಒಳ್ಳೆಯವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇವು ಕಾವಿಗೆ ಕೂರುವುದು ಅಪರೂಪ. ಕಾವಿಗೆ ಕೂತ ಹೇಂಟೆ ಮೊಟ್ಟೆ ನಿಲ್ಲಿಸುತ್ತದೆ, ಹಾಗಾಗಿ ಮೊಟ್ಟೆ ಹೆಚ್ಚಬೇಕೆಂದರೆ ಕಾವಿನ ಗುಣ ಕಡಿಮೆಯಾಗಲೇಬೇಕು. ಹೆಚ್ಚಿನ ಮೊಟ್ಟೆಯ ಜೊತೆಗೆ ತಾಯಿಯ ಕೆಲಸವೂ ಮನೆಯಾಕೆಯ ಹೆಗಲಿಗೆ ಬಂತು. ಆ ಕೆಲಸಕ್ಕೆ ಬೇಕಾದ ಸಲಕರಣೆ, ತಿಳಿವಳಿಕೆ ಮಾತ್ರ ತಳಿಯ ಜೊತೆ ಊರಿಗೆ ಬರಲಿಲ್ಲ.

ಸರ್ಕಾರಕ್ಕೆ ಇದು ಗೊತ್ತಿಲ್ಲವೆಂದಲ್ಲ. ಗ್ರಾಮೀಣ ಮಹಿಳೆಯರಿಗೆ ಪಶುಸಂಗೋಪನಾ ಇಲಾಖೆಯಿಂದ ಕೊಡುವುದು ಐದು ವಾರದ ಮರಿಗಳನ್ನು. ಅಷ್ಟರಲ್ಲಿ ಗರಿ ಬಂದು, ಕೃತಕ ಕಾವಿನ ಅಗತ್ಯ ಕಳೆದಿರುತ್ತದೆ. ಸರಿಯಾದ ನಿರ್ಧಾರವೇ. ಆದರೆ ಆ ಭಾಗ್ಯ ಫಲಾನುಭವಿಗಳ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ. ಉಳಿದವರು ಕಡಿಮೆ ಬೆಲೆಗೆ ಸಿಗುವ ಎಳೆಯ ಮರಿಗಳನ್ನೇ ಕೊಳ್ಳಬೇಕು. ಸಾಕಣೆಯ ಅತ್ಯಂತ ಅಪಾಯದ ಹಂತ ಹೀಗೆ ಕೈಯಲ್ಲಿ ಕಾಸು ಕಡಿಮೆಯಿದ್ದವರ ಪಾಲಿಗೇ ಬೀಳುತ್ತದೆ.

ಅವರಿಗೆ ಎದುರಾಗುವ ಮೊದಲ ತೊಡಕು ಬಲ್ಬಿನದು. ಮರಿಗೆ ಒಂದೆರಡು ವ್ಯಾಟಿನಂತೆ ಶಾಖ ಕೊಡಬೇಕೆಂಬುದು ಹಳೆಯ ಸೂತ್ರ. ಇಪ್ಪತ್ತೈದು ಮರಿಗೆ ಒಂದು 60 ವ್ಯಾಟ್ ಬಲ್ಬು ಸಾಕಾಗುತ್ತಿತ್ತು. 2015ರಲ್ಲಿ ಉಜಾಲಾ ಯೋಜನೆ ಬಂದ ಮೇಲೆ ಮನೆಮನೆಗೆ ಎಲ್‌ಇಡಿ ತಲುಪಿ, ಆ ಹಳದಿ ಬಲ್ಬು ಅಂಗಡಿಗಳಲ್ಲೂ ಅಪರೂಪವಾಗುತ್ತ ಬಂತು. ಎಲ್‌ಇಡಿ ಕರೆಂಟ್ ಬಿಲ್ ಇಳಿಸಿತು, ಅದು ಒಳ್ಳೆಯದೇ. ಆದರೆ ಮರಿಯ ಪೆಟ್ಟಿಗೆಯ ಮೇಲೆ ಒಂಬತ್ತು ವ್ಯಾಟಿನ ಎಲ್‌ಇಡಿ ತೂಗುಹಾಕಿ ಬೆಚ್ಚಗಿದೆ ಎಂದುಕೊಂಡರೆ ಮರಿಗಳು ಝಗಮಗಿಸುವ ಬೆಳಕಿನಲ್ಲೇ ಸೆಡೆತು ಸಾಯುತ್ತವೆ. ಶಾಖಕ್ಕೆಂದೇ ಇರುವ ಇನ್‌ಫ್ರಾರೆಡ್ ಬಲ್ಬು ಬೇಕು, ಇಲ್ಲವೇ ಹಳೆಯ ಬಲ್ಬನ್ನೇ ಹುಡುಕಿ ತರಬೇಕು. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಅದೂ ಇಲ್ಲ. ಆಗ ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ನಡುವೆ ಇಡುವುದು ಕೆಂಡದ ಮಡಕೆಗಿಂತ ಎಷ್ಟೋ ವಾಸಿ. ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ಮರಿಗೂ ಕೇಡು, ಅಲ್ಲೇ ಮಲಗಿದ ಮನುಷ್ಯರಿಗೂ ಕೇಡು.

ಶಾಖ ಸಾಕೇ ಎಂದು ತಿಳಿಯಲು ಥರ್ಮಾಮೀಟರ್ ಇಲ್ಲದಿದ್ದರೂ ನಡೆಯುತ್ತದೆ. ರಾತ್ರಿ ಮಲಗುವ ಮುನ್ನ ಸದ್ದಿಲ್ಲದೆ ಹೋಗಿ ಬಗ್ಗಿ ನೋಡಬೇಕು. ಬಲ್ಬಿನಡಿ ಮುದ್ದೆಯಾಗಿ, ಒಂದನ್ನೊಂದು ತಳ್ಳುತ್ತ ಚೀರುತ್ತಿದ್ದರೆ ಕಾವು ಸಾಲದು. ಅಂಚಿಗೆ ಸರಿದು, ರೆಕ್ಕೆ ಇಳಿಬಿಟ್ಟು, ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಹೆಚ್ಚಾಗಿದೆ. ಎಲ್ಲವೂ ಒಂದೇ ಮಗ್ಗುಲಿಗೆ ಸೇರಿದ್ದರೆ ಇನ್ನೊಂದು ಕಡೆಯಿಂದ ಗಾಳಿ ನುಗ್ಗುತ್ತಿದೆ, ಗೋಣಿ ಕಟ್ಟಬೇಕು. ಕೆಲವು ಮಲಗಿ, ಕೆಲವು ಮೇಯುತ್ತ, ಮೆಲ್ಲಗೆ ಚಿಲಿಪಿಲಿ ಎನ್ನುತ್ತ ಹರಡಿಕೊಂಡಿದ್ದರೆ ನಿಶ್ಚಿಂತೆಯಿಂದ ಮಲಗಬಹುದು.

ಇನ್ನು ನೆಲ. ಉಮಿ ಎರಡು ಇಂಚು ಹಾಸಬೇಕೆಂದು ಎಲ್ಲರೂ ಹೇಳುತ್ತಾರೆ. ಕರಾವಳಿಯ ಕಷ್ಟ ಬೇರೆಯೇ ಇದೆ. ಕೊಯ್ಲಿನ ಕಾಲದಲ್ಲಿ ಗಿರಣಿಯಿಂದ ತಂದು ಕೊಟ್ಟಿಗೆಯ ಅಟ್ಟದಲ್ಲಿಟ್ಟ ಉಮಿ ಆಷಾಢದ ಹೊತ್ತಿಗೆ ಥಂಡಿ ಹಿಡಿದು ಬೂಷ್ಟು ಕಟ್ಟಿರುತ್ತದೆ. ಆ ಬೂಷ್ಟಿನ ಧೂಳನ್ನು ಉಸಿರಾಡಿದ ಮರಿಗಳಿಗೆ ಶ್ವಾಸಕೋಶದ ಶಿಲೀಂಧ್ರ ರೋಗ ತಗಲುತ್ತದೆ. ಕೊಕ್ಕು ತೆರೆದು, ಕುತ್ತಿಗೆ ಚಾಚಿ ಉಸಿರಿಗೆ ಒದ್ದಾಡುತ್ತವೆ. ಅದಕ್ಕೆ ಹೇಳಿಕೊಳ್ಳುವಂಥ ಮದ್ದಿಲ್ಲ. ಹೀಗಾಗಿ ವಾಸನೆ ನೋಡದೆ ಉಮಿ ಹಾಸಬಾರದು. ಒದ್ದೆಯಾದ ಜಾಗದ ಉಮಿಯನ್ನು ಅಂದಂದೇ ತೆಗೆಯಬೇಕು. ಹಸಿ ಹಾಸಿಗೆಯಲ್ಲೇ ಎರಡು ಮೂರನೆಯ ವಾರಕ್ಕೆ ರಕ್ತಭೇದಿ ತರುವ ಕಾಕ್ಸಿಡಿಯಾ ಕೂಡ ಬೆಳೆಯುತ್ತದೆ. ಬರೀ ದಿನಪತ್ರಿಕೆ ಹಾಸಿ ಬಿಡುವುದೂ ತಪ್ಪು. ನುಣುಪಿನ ಮೇಲೆ ಕಾಲು ಜಾರಿ ಜಾರಿ ಮರಿ ಸೊಟ್ಟಗಾಲಾಗುತ್ತದೆ.

ನೀರಿಗೆ ತೆಂಗಿನ ಕರಟ ಇಡುವ ರೂಢಿಯಿದೆ. ಅದರೊಳಗೆ ನಾಲ್ಕಾರು ಬೆಣಚುಕಲ್ಲು ಹಾಕಿದರೆ ಮರಿ ಮುಳುಗುವುದಿಲ್ಲ, ಮೈ ತೋಯಿಸಿಕೊಳ್ಳುವುದಿಲ್ಲ. ಬಂದ ದಿನ ಮೊದಲು ಉಗುರುಬೆಚ್ಚಗಿನ ಬೆಲ್ಲದ ನೀರು, ಒಂದೆರಡರ ಕೊಕ್ಕನ್ನು ಅದ್ದಿ ತೋರಿಸಿದರೆ ಉಳಿದವು ನೋಡಿ ಕಲಿಯುತ್ತವೆ. ಕೆಲವು ಗಂಟೆ ಬಿಟ್ಟು ಆಹಾರ. ಬರೀ ಅಕ್ಕಿನುಚ್ಚು ಹಾಕಿದರೆ ಹೊಟ್ಟೆ ತುಂಬುತ್ತದೆ, ಮೈ ಬೆಳೆಯುವುದಿಲ್ಲ. ಎಳೆಯ ಮರಿಯ ಆಹಾರದಲ್ಲಿ ಶೇ 20ರಷ್ಟು ಪ್ರೋಟೀನ್ ಇರಬೇಕು. ತದಡಿಯಿಂದ ಭಟ್ಕಳದ ಬಂದರಿನವರೆಗೆ ಒಣಮೀನು ಕಾಣುವ ಕರಾವಳಿಯಲ್ಲಿ ಪ್ರೋಟೀನಿಗೆ ಬರವಿರಬಾರದು. ಆದರೆ ಉಪ್ಪು ಹಾಕಿದ ಮೀನು ಮರಿಗೆ ವಿಷಕ್ಕೆ ಸಮ. ಉಪ್ಪಿಲ್ಲದೆ ಬಿಸಿಲಿಗೊಣಗಿಸಿದ ಸಣ್ಣ ಮೀನನ್ನು ಪುಡಿಮಾಡಿ ಅಳತೆಯಲ್ಲಿ ಬೆರೆಸಬಹುದು.

ಇಷ್ಟೆಲ್ಲ ಮಾಡಿ ಉಳಿಸಿದ ಮರಿಯನ್ನು ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಒಂದೇ ವಾರದಲ್ಲಿ ಗುಡಿಸಿ ಹಾಕಬಲ್ಲದು. ಐದರಿಂದ ಏಳನೆಯ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ ಲಸಿಕೆ ಬಿದ್ದರೆ ರಕ್ಷಣೆ ಆರಂಭವಾಗುತ್ತದೆ. ಲಸಿಕೆ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲೇ ತಯಾರಾಗುತ್ತದೆ, ಬೆಲೆಯೂ ದುಬಾರಿಯಲ್ಲ. ಆದರೆ ಸೀಸೆ ಸಾಮಾನ್ಯವಾಗಿ ನೂರು ಮರಿಗೋ ಅದಕ್ಕಿಂತ ಹೆಚ್ಚಿಗೋ ಆಗುವಂಥದು. ಬೆರೆಸಿದ ಎರಡು ಗಂಟೆಯೊಳಗೆ ಮುಗಿಸಬೇಕು, ಅಲ್ಲಿಯವರೆಗೆ ತಂಪಿನಲ್ಲಿರಬೇಕು. ಹನ್ನೆರಡು ಮರಿ ಸಾಕಿದ ಮನೆಯಾಕೆ ಮಂಜುಗಡ್ಡೆ ಹಿಡಿದು ಪೇಟೆಯಿಂದ ಸೀಸೆ ತಂದು ಉಳಿದದ್ದನ್ನು ಚೆಲ್ಲುತ್ತಾಳೆಯೇ? ತರುವುದೇ ಇಲ್ಲ. ತಾಂಜಾನಿಯಾ, ಮೊಜಾಂಬಿಕ್‌ನ ಹಳ್ಳಿಗಳೂ ಇದೇ ತೊಡಕಿಗೆ ಸಿಕ್ಕಿದ್ದವು. ಆಸ್ಟ್ರೇಲಿಯಾದಲ್ಲಿ ಅಭಿವೃದ್ಧಿಯಾದ, ಸೆಕೆಯನ್ನು ಹೆಚ್ಚು ತಾಳುವ ಐ–2 ಲಸಿಕೆಯನ್ನು ಅಲ್ಲಿ ಊರಿನವರೇ ತರಬೇತಿ ಪಡೆದು, ದಿನ ಗೊತ್ತುಮಾಡಿ, ಮನೆಮನೆಗೆ ಹೋಗಿ ಹಾಕುತ್ತ ಬಂದರು.

ನಮ್ಮಲ್ಲೂ ಅದಕ್ಕೆ ಜನ ಇದ್ದಾರೆ. ಮಹಿಳಾ ಸಂಘಗಳ ಸಂಜೀವಿನಿ ಒಕ್ಕೂಟಗಳಲ್ಲಿ ಜಾನುವಾರು ಆರೈಕೆಗೆಂದೇ ಇರುವ ಪಶು ಸಖಿಯರಿಗೆ ಈ ಕೆಲಸ ಕಲಿಸುವುದು ಕಷ್ಟವಲ್ಲ. ಇಲ್ಲದಿರುವುದು ಎಳೆಯ ಮರಿಗಳನ್ನು ಒಂದೇ ಕಡೆ ಬೆಚ್ಚಗಿಟ್ಟು ಬೆಳೆಸುವ ಕಾವಿನ ಮನೆ. ರಾಷ್ಟ್ರೀಯ ಜಾನುವಾರು ಮಿಷನ್ ಇದಕ್ಕೆ ದುಡ್ಡು ಕೊಡುತ್ತದೆ ನಿಜ. ಆದರೆ ಅದರ ಶೇ 50ರ ಸಹಾಯಧನ, ಗರಿಷ್ಠ 25 ಲಕ್ಷ ರೂಪಾಯಿ, ಸಿಗುವುದು ಕನಿಷ್ಠ 1,000 ತಾಯಿಕೋಳಿ, ಹ್ಯಾಚರಿ, ಮರಿ ಬೆಳೆಸುವ ಘಟಕ ಎಲ್ಲ ಸೇರಿದ ಉದ್ಯಮಕ್ಕೆ. ಶರಾವತಿಯ ದಂಡೆಯ ಹತ್ತು ಹೆಂಗಸರ ಸಂಘಕ್ಕೆ ಅದು ಎಟುಕುವುದಿಲ್ಲ, ಎಟುಕಬೇಕಾದ ಅಗತ್ಯವೂ ಇಲ್ಲ. ಮರಿಗೆ ಅರ್ಧ ಚದರಡಿಯಂತೆ ನಾಲ್ಕು ವಾರದವರೆಗೆ 200 ಮರಿ ಬೆಳೆಸಲು ಹತ್ತಡಿ ಉದ್ದಗಲದ, ಸೋರದ ಒಂದು ಕೋಣೆ ಸಾಕು. ಒಂದೂವರೆ ಅಡಿ ಎತ್ತರದ ತಗಡಿನ ಸುತ್ತುಗಟ್ಟು, ಶಾಖದ ಬಲ್ಬುಗಳು, ಕರೆಂಟ್ ಹೋದಾಗಿನ ಏರ್ಪಾಡು, ಇಲಿ–ಮುಂಗುಸಿ ನುಸುಳದ ಜಾಳಿಗೆ, ಇಷ್ಟೇ ಬಂಡವಾಳ. ಗ್ರಾಮ ಪಂಚಾಯಿತಿಗೊಂದು ಇಂಥ ಕೋಣೆಯನ್ನು ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ಸಂಘಗಳಿಗೆ ಕಟ್ಟಿಸಿಕೊಡುವುದು ಮರಿ ಹಂಚುವ ಫೋಟೊಗಿಂತ ದೊಡ್ಡ ಉಪಕಾರ. 200 ಮರಿ ಒಂದೇ ಕಡೆಯಿದ್ದರೆ ಲಸಿಕೆಯ ಸೀಸೆಯೂ ಒಂದೇ ಬೆಳಗ್ಗೆ ಖಾಲಿಯಾಗುತ್ತದೆ.

ಮನೆಯಲ್ಲೇ ಮಾಡಿಕೊಳ್ಳಲಿ, ಅದಕ್ಕೂ ಸರ್ಕಾರ ಬೇಕೇ ಎಂದು ಕೇಳುವವರಿದ್ದಾರೆ. ಹಾಲಿಗೆ ಸಂಘ, ಡೇರಿ, ತಂಪು ಘಟಕ ಎಲ್ಲ ಕಟ್ಟಿಕೊಂಡ ನಾಡು ಇದು. ಹಿತ್ತಲ ಕೋಳಿಯ ದುಡ್ಡು ಬಹುಪಾಲು ಹೆಂಗಸರ ಕೈಯಲ್ಲೇ ಉಳಿಯುವಂಥದು. ಮಕ್ಕಳ ಪುಸ್ತಕಕ್ಕೆ, ಬಸ್ಸಿನ ಚಾರ್ಜಿಗೆ, ಔಷಧಿಗೆ ಆಗುವ ದುಡ್ಡು ಅದು. ಅದಕ್ಕೊಂದು ಕೋಣೆ ಕೇಳುವುದು ಅತಿಯಾಸೆಯಲ್ಲ.

ಕಾಲವನ್ನೂ ಗಮನಿಸಬೇಕು. ಜೂನ್–ಸೆಪ್ಟೆಂಬರ್ ನಡುವೆ ಕರಾವಳಿಗೆ ಮರಿ ಇಳಿಸುವುದನ್ನು ನಿಲ್ಲಿಸಿ, ಅಕ್ಟೋಬರ್ ಆರಂಭಕ್ಕೆ ಮೊದಲ ತಂಡ ಕಾವಿನ ಮನೆಗೆ ಬರುವಂತೆ ಇಲಾಖೆ ವೇಳಾಪಟ್ಟಿ ಹಾಕಿಕೊಳ್ಳಲಿ. ನವೆಂಬರ್ ಮೊದಲ ವಾರಕ್ಕೆ ಗರಿ ಬಂದ, ಲಸಿಕೆ ಬಿದ್ದ ಮರಿಗಳು ಮನೆಗಳಿಗೆ ಹೋಗುತ್ತವೆ. ಗದ್ದೆಯಲ್ಲಿ ಕೊಯ್ಲಿನ ಕಾಳು ಬಿದ್ದಿರುವ ಕಾಲ, ನೆಲ ಒಣಗಿರುತ್ತದೆ. ಏಪ್ರಿಲ್ ಹೊತ್ತಿಗೆ ಹೇಂಟೆಗಳು ಮೊಟ್ಟೆ ಶುರುಮಾಡುತ್ತವೆ, ಹುಂಜಗಳು ಮಾರಾಟಕ್ಕೆ ಬರುತ್ತವೆ, ಮುಂದಿನ ಮಳೆ ಹಿಡಿಯುವಷ್ಟರಲ್ಲಿ ಹಿತ್ತಲಿನಲ್ಲಿ ಉಳಿಯುವುದು ಮಳೆಗೆ ಹೆದರಬೇಕಿಲ್ಲದ ದೊಡ್ಡ ಕೋಳಿಗಳು.