ನಡುಮನೆಯ ಮಾತು: ನಾಗಪ್ಪನಿಗೆ ಹಾಲು ಬೇಕೆ?



ಶ್ರಾವಣ ಹತ್ತಿರ ಬಂತು. ನಾಗರ ಚೌತಿಗೆ ಅಕ್ಕಿ ನೆನೆಹಾಕಬೇಕು, ಎಳ್ಳು ಆರಿಸಬೇಕು, ಬೆಲ್ಲ ಹೆರೆಯಬೇಕು ಎಂದು ನಿಮ್ಮ ಮನಸ್ಸಿನಲ್ಲೂ ಲೆಕ್ಕ ಶುರುವಾಗಿರಬೇಕು, ಅಲ್ಲವೇ? ಇದೇ ಹೊತ್ತಿಗೆ ಶ್ರೀನಿವಾಸಪುರ ಕಡೆಯ ಓದುಗ ಸೋದರಿಯೊಬ್ಬರು ಕಾಗದ ಬರೆದಿದ್ದಾರೆ.

“ಅಕ್ಕಾ, ಒಂದು ವಾರದಿಂದ ನಮ್ಮ ಹಸು ಹಾಲು ಕಮ್ಮಿ ಕೊಡ್ತಿದೆ. ಕೊಟ್ಟಿಗೇಲಿ ಕೇರೆ ಹಾವು ಕಾಣಿಸ್ತು. ಅದೇ ರಾತ್ರಿ ಹೊತ್ತು ಕೆಚ್ಚಲಿಗೆ ಬಾಯಿ ಹಾಕ್ತಿದೆ, ಹೊಡೆದು ಹಾಕೋಣ ಅಂತಾರೆ ಮನೆಯವರು. ಹಬ್ಬದ ಹತ್ರ ಹಾವು ಹೊಡೆದರೆ ದೋಷ, ಬಿಟ್ಟರೆ ಡೈರಿಗೆ ಹಾಕೋ ಹಾಲು ಹೋಗುತ್ತೆ. ಒಂದು ಬಟ್ಟಲು ಹಾಲು ಬೇರೆ ಇಟ್ಟರೆ ಹಸುವಿನ ತಂಟೆಗೆ ಹೋಗಲ್ಲವಂತೆ, ನಿಜವಾ?”

ನಿಜವಲ್ಲ ತಂಗಿ. ಬಟ್ಟಲು ಇಡಬೇಡಿ, ಹಾವನ್ನೂ ಹೊಡೆಯಬೇಡಿ. ಇದನ್ನು ಹೇಳುವ ಮುಂಚೆ ನನ್ನ ಮನೆಯ ಒಂದು ಕಥೆ ಹೇಳಬೇಕು. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ನಾನು ಮುಳಬಾಗಿಲಿನ ಮಗಳು, ಮಾಲೂರಿನ ಸೊಸೆ. ಮದುವೆಯಾಗಿ ನಾಲ್ಕು ವರ್ಷವಾದರೂ ಮಡಿಲು ತುಂಬಿರಲಿಲ್ಲ. ಸರ್ಪದೋಷವಿರಬೇಕು ಎಂದರು ಕಂಡವರೆಲ್ಲ. ನಮ್ಮ ಕಡೆ ಇದೇನೂ ಹೊಸದಲ್ಲ. ಗೌರಿಬಿದನೂರಿನ ಬಳಿ ವಿದುರಾಶ್ವತ್ಥವಿದೆಯಲ್ಲ, 2007ರವರೆಗೆ ಅದೂ ನಮ್ಮ ಕೋಲಾರ ಜಿಲ್ಲೆಯದೇ. ಅಲ್ಲಿ ಸಾಲುಸಾಲಾಗಿ ನಿಂತ ನಾಗರ ಕಲ್ಲುಗಳನ್ನು ನೋಡಿದವರಿಗೆ, ಮಕ್ಕಳಿಗಾಗಿ ಹೆಂಗಸರು ಎಷ್ಟು ಹರಕೆ ಹೊತ್ತಿದ್ದಾರೆಂಬುದು ತಿಳಿಯುತ್ತದೆ.

ಆ ಚೌತಿಯ ದಿನ ಬೀದಿಗೆ ಒಬ್ಬ ಹಾವಾಡಿಗ ಬಂದ. “ಪಾಲು ಪೊಯ್ಯಮ್ಮಾ, ನಾಗುಲಕು ಪಾಲು ಪೊಯ್ಯಿ” ಎಂದು ಬಾಗಿಲಲ್ಲಿ ಕೂತ. ಕಲ್ಲಿಗೆ ಎರೆಯುವುದಕ್ಕಿಂತ ಜೀವಂತ ನಾಗಪ್ಪನಿಗೇ ಎರೆದರೆ ಫಲ ಹೆಚ್ಚು ಎಂದು ನಮ್ಮ ಅತ್ತೆ ನನ್ನ ಕೈಯಲ್ಲಿ ಬಟ್ಟಲು ಕೊಟ್ಟರು. ನಾನೇ ಹಾಲು ಹುಯ್ದೆ. ಹಾವು ಬಟ್ಟಲಿಗೆ ಬಾಯಿಟ್ಟು ಕುಡಿಯಿತು. “ನಾಗಪ್ಪ ಒಪ್ಪಿಕೊಂಡ” ಎಂದು ಅತ್ತೆ ಕಣ್ಣೀರು ಹಾಕಿದರು. ನಾನೂ ಅತ್ತೆ.

ನಾಲ್ಕನೆಯ ದಿನ ಆ ಹಾವಾಡಿಗನ ಹೆಂಡತಿ ರಾಗಿ ಕೇಳಲು ಬಂದಳು. ಹಾವು ಹೇಗಿದೆ ಎಂದು ಕೇಳಿದೆ. “ಚಚ್ಚಿಪೋಯಿಂದಮ್ಮಾ” ಎಂದಳು. ಪ್ರತಿ ಹಬ್ಬದಲ್ಲೂ ಒಂದೆರಡು ಹೀಗೇ ಸಾಯುತ್ತವೆ ಅಂದಳು, ಯಾವುದೋ ಕೋಳಿ ಸತ್ತಿತು ಎನ್ನುವ ಹಾಗೆ. ಅವಳಿಗೆ ಒಂದು ಸೇರು ರಾಗಿ ಅಳೆದುಕೊಟ್ಟು ಒಳಗೆ ಬಂದವಳು ಅವತ್ತು ಊಟ ಮಾಡಲಿಲ್ಲ. ದೋಷ ಕಳೆಯಲು ಹೋಗಿ ದೋಷ ಕಟ್ಟಿಕೊಂಡೆನೇ ಎಂದು ಎಷ್ಟು ರಾತ್ರಿ ನಿದ್ದೆ ಬರಲಿಲ್ಲವೋ ನನಗೇ ಗೊತ್ತು.

ಪಕ್ಕದ ಮನೆಯಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರಿದ್ದರು. ಅವರ ಹೆಂಡತಿಯ ಮುಂದೆ ಅತ್ತುಕೊಂಡಾಗ ಮೇಷ್ಟ್ರೇ ಕರೆದು ಕೂರಿಸಿ ಬಿಡಿಸಿ ಹೇಳಿದರು. ಅದನ್ನೇ ನಿಮಗೂ ಹೇಳುತ್ತೇನೆ.

ಹಾಲು ಎನ್ನುವುದು ಮೊಲೆಯುಣಿಸಿ ಮರಿ ಸಾಕುವ ಪ್ರಾಣಿಗಳ ಸೊತ್ತು. ನಾಗರಹಾವು ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದು ಬಂದ ಮರಿ ಹಾಲಿನ ರುಚಿಯನ್ನೇ ಕಾಣದು. ಅದರ ಹೊಟ್ಟೆಗೆ ಹಾಲು ಅರಗುವುದೂ ಇಲ್ಲ. ಅದರ ಆಹಾರ ಇಲಿ, ಹೆಗ್ಗಣ, ಕಪ್ಪೆ, ಹಲ್ಲಿ, ಹಕ್ಕಿ, ಕೆಲವು ಸಲ ಬೇರೆ ಹಾವು. ಅಗಿಯದೆ ಇಡಿಯಾಗಿ ನುಂಗುತ್ತದೆ. ಒಂದು ಒಳ್ಳೆಯ ಊಟ ಸಿಕ್ಕರೆ ಹಲವು ದಿನ ಸುಮ್ಮನಿರುತ್ತದೆ. ಕುಡಿಯುವುದು ನೀರು ಮಾತ್ರ.

ಹಾಗಾದರೆ ನಮ್ಮ ಕಣ್ಣೆದುರೇ ಕುಡಿಯಿತಲ್ಲ ಎನ್ನುತ್ತೀರಿ. ನಾನೂ ಹಾಗೇ ಕೇಳಿದೆ. ಹಬ್ಬಕ್ಕೆ ಎಷ್ಟೋ ದಿನ ಮುಂಚಿನಿಂದಲೇ ಬುಟ್ಟಿಯ ಹಾವಿಗೆ ನೀರು ಕೊಡುವುದಿಲ್ಲವಂತೆ. ನಾಲಿಗೆ ಒಣಗಿದ ಜೀವಕ್ಕೆ ಬಟ್ಟಲಲ್ಲಿರುವುದು ಹಾಲೋ ನೀರೋ, ಎರಡೂ ಒಂದೇ. ಮೇಲಾಗಿ ವಿಷದ ಹಲ್ಲು ಕಿತ್ತಿರುತ್ತಾರೆ. ಕೆಲವರು ಬಾಯಿಯನ್ನೇ ಹೊಲಿದುಬಿಡುತ್ತಾರೆ. ಬಾಯಿ ಕೀವಾಗಿ, ಬೇಟೆ ನುಂಗಲಾರದೆ, ಆ ಹಾವು ಮೊದಲೇ ಅರೆಜೀವವಾಗಿರುತ್ತದೆ. ಅದರ ಮೇಲೆ ಮನೆಮನೆಯ ಹಾಲು. ಹೊಟ್ಟೆ ಕೆಡುತ್ತದೆ, ಶ್ವಾಸಕೋಶಕ್ಕೂ ಹಾಲು ಇಳಿಯುತ್ತದೆ. ಭಕ್ತಿಯಿಂದ ಕೊಟ್ಟ ಬಟ್ಟಲೇ ಅದಕ್ಕೆ ಮುಳುವಾಗುತ್ತದೆ.

ಹಾವಾಡಿಗನನ್ನು ನಾನು ಬೈಯಲಾರೆ. ಅವನದು ಹೊಟ್ಟೆಪಾಡು. ಹಾಲು ಹುಯ್ದು ದುಡ್ಡು ಕೊಟ್ಟವರು ನಾವು. ನಾವು ಬಟ್ಟಲು ತರುವುದಿಲ್ಲವೆಂದರೆ ಅವನು ಹಾವು ಹಿಡಿಯುವುದೂ ನಿಲ್ಲುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಾಗರಹಾವನ್ನು ಹಿಡಿಯುವುದೂ ಸಾಕುವುದೂ ಕೊಲ್ಲುವುದೂ ಅಪರಾಧ. ಬಾಗಿಲಿಗೆ ಬಂದವನಿಗೆ ಬೇಕಿದ್ದರೆ ರಾಗಿ ಕೊಡಿ, ಹಳೆಯ ಪಂಚೆ ಕೊಡಿ, ಬುಟ್ಟಿ ಮಾತ್ರ ಬಿಚ್ಚಬೇಡಪ್ಪ ಎನ್ನಿ.

ಈಗ ಶ್ರೀನಿವಾಸಪುರದ ತಂಗಿಯ ಕೊಟ್ಟಿಗೆಗೆ ಬರೋಣ. ಕೇರೆ ಹಾವಿಗೆ ವಿಷವಿಲ್ಲ. ಕರುವಿನ ಹಾಗೆ ಚೀಪುವ ತುಟಿಯೂ ಅದಕ್ಕಿಲ್ಲ. ಬಾಯಲ್ಲಿರುವುದು ಹಿಂದಕ್ಕೆ ಬಾಗಿದ ಸೂಜಿಯಂಥ ಹಲ್ಲುಗಳು. ಅವು ಮೊಲೆತೊಟ್ಟಿಗೆ ತಾಗಿದರೆ ಯಾವ ಹಸು ತಾನೆ ಒದೆಯದೆ ನಿಂತೀತು? ಅದು ಕೊಟ್ಟಿಗೆಗೆ ಬಂದಿರುವುದು ಹಿಂಡಿ ಬೂಸಾ ತಿನ್ನಲು ಬರುವ ಇಲಿಗಾಗಿ. ಅದನ್ನು ಹೊಡೆದರೆ ನಷ್ಟ ನಿಮ್ಮ ರಾಗಿ ಚೀಲಕ್ಕೆ. ಹಾಲು ಕಮ್ಮಿಯಾದದ್ದಕ್ಕೆ ಕಾರಣ ಬೇರೆ ಹುಡುಕಿ. ಕೆಚ್ಚಲು ಬಿಸಿಯಾಗಿದೆಯೇ, ಊದಿದೆಯೇ, ಹಾಲಿನಲ್ಲಿ ಗಡ್ಡೆಗಡ್ಡೆ ಕಾಣುತ್ತಿದೆಯೇ ನೋಡಿ. ಕೆಚ್ಚಲುಬಾವು ಇರಬಹುದು. ಮೇವು ಬದಲಾದರೂ ಹಾಲು ಇಳಿಯುತ್ತದೆ. ತಡಮಾಡದೆ ಪಶುವೈದ್ಯರಿಗೆ ತೋರಿಸಿ.

ಇಲಿ ಇದ್ದಲ್ಲಿ ಕೇರೆಯಷ್ಟೇ ಅಲ್ಲ, ನಾಗರಹಾವು, ಮಂಡಲದ ಹಾವು ಕೂಡ ಬಂದಾವು. ಆದ್ದರಿಂದ ಹಿತ್ತಲಲ್ಲಿ ಇಟ್ಟಿಗೆ, ಹೆಂಚು, ಸೌದೆ ರಾಶಿ ಹಾಕಬೇಡಿ. ಹಿಂಡಿಯನ್ನು ಮುಚ್ಚಳವಿರುವ ಡ್ರಮ್ಮಿನಲ್ಲಿಡಿ. ಕತ್ತಲಲ್ಲಿ ಕೊಟ್ಟಿಗೆಗೆ ಟಾರ್ಚ್ ಇಲ್ಲದೆ ಹೋಗಬೇಡಿ. ಒಂದು ವೇಳೆ ಹಾವು ಕಚ್ಚಿದರೆ ಕೊಯ್ಯುವುದು, ಚೀಪುವುದು, ಬಿಗಿಯಾಗಿ ದಾರ ಕಟ್ಟುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಕಚ್ಚಿದ ಕೈ ಕಾಲು ಅಲುಗದಂತೆ ಇಟ್ಟು, 108ಕ್ಕೆ ಫೋನ್ ಮಾಡಿ, ನೇರ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕೆಂಬ ನಿಯಮವಾಗಿದೆ. ಅಷ್ಟು ಗಂಭೀರ ವಿಷಯ ಅದು.

ನನ್ನ ಕಥೆ ಏನಾಯಿತು ಎನ್ನುತ್ತೀರಾ? ಆಮೇಲೆ ಕೋಲಾರದಲ್ಲಿ ಡಾಕ್ಟರಮ್ಮನಿಗೆ ತೋರಿಸಿದೆವು. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ತೊಂದರೆ ಎಂದು ಗೊತ್ತಾಯಿತು. ಮಾತ್ರೆ ತೆಗೆದುಕೊಂಡೆ. ಮಾರನೆಯ ವರ್ಷ ಮಗಳು ಹುಟ್ಟಿದಳು. ಹಾವು ಸತ್ತ ವಿಷಯವನ್ನು ಅತ್ತೆಗೆ ಹೇಳಲು ಮಾತ್ರ ಧೈರ್ಯ ಬಂದಿರಲಿಲ್ಲ. ಹೋದ ವರ್ಷ ಹೇಳಿದೆ. ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, “ನಾಗಪ್ಪನಿಗೆ ಹಾಲೇ ಬೇಡ ಅಂದ್ರೆ ನಮ್ಮ ಭಕ್ತಿ ಎಲ್ಲಮ್ಮಾ ಇಡೋದು?” ಎಂದರು.

“ಕಲ್ಲಿನ ಮುಂದೆ ಇಡಿ ಅತ್ತೆ. ಒಂದು ಉದ್ಧರಣೆ ಎರೆಯಿರಿ, ಉಳಿದದ್ದು ಮಕ್ಕಳಿಗೆ ಕೊಡೋಣ” ಎಂದೆ. ಈಗ ನಮ್ಮ ಮನೆಯಲ್ಲಿ ಹಾಗೇ ನಡೆಯುತ್ತಿದೆ. ಹುತ್ತದ ತೂತಿಗೂ ಹಾಲು ಸುರಿಯುವುದಿಲ್ಲ. ಪಕ್ಕದಲ್ಲಿ ಅರಿಶಿನ ಕುಂಕುಮ ಹೂವು ಇಟ್ಟು ಕೈಮುಗಿದು ಬರುತ್ತೇವೆ. ತನಿ ಎರೆಯುವ ಪದ್ಧತಿ ಬಿಟ್ಟಿಲ್ಲ, ಜೀವ ತೆಗೆಯುವುದನ್ನು ಬಿಟ್ಟಿದ್ದೇವೆ.

ಕೊನೆಗೆ, ಕೇಳಿದವರಿಗಾಗಿ ಚೌತಿಯ ಹಸಿ ತಂಬಿಟ್ಟು. ಎರಡು ಲೋಟ ಅಕ್ಕಿಯನ್ನು ಎರಡು ಗಂಟೆ ನೆನೆಸಿ, ಬಸಿದು, ಬಟ್ಟೆಯ ಮೇಲೆ ನೆರಳಲ್ಲಿ ಹರಡಿ. ಇನ್ನೂ ಸ್ವಲ್ಪ ತೇವ ಇರುವಾಗಲೇ ಪುಡಿ ಮಾಡಿ ಜರಡಿ ಹಿಡಿಯಿರಿ. ಒಂದು ಲೋಟ ಹೆರೆದ ಬೆಲ್ಲ, ಅರ್ಧ ಲೋಟ ಕೊಬ್ಬರಿ ತುರಿ, ಎರಡು ಚಮಚ ಹುರಿಗಡಲೆ ಪುಡಿ, ಏಲಕ್ಕಿ ಸೇರಿಸಿ ಚೆನ್ನಾಗಿ ನಾದಿ. ಬೆಲ್ಲದ ಪಸೆಗೇ ಹಿಟ್ಟು ಕೂಡಿಕೊಳ್ಳುತ್ತದೆ. ಉಂಡೆ ಕಟ್ಟಲು ಬಾರದಿದ್ದರೆ ಒಂದೆರಡು ಚಮಚ ಹಾಲು ಚಿಮುಕಿಸಿ. ಇದು ಮಾಡಿದ ದಿನವೇ ಮುಗಿಯಬೇಕು, ಇಟ್ಟರೆ ಹುಳಿಯಾಗುತ್ತದೆ.

ಈ ಚೌತಿಗೆ ನಿಮ್ಮ ಮನೆಯಲ್ಲಿ ಉಳಿದ ಹಾಲನ್ನು ಯಾವ ಮಗು ಕುಡಿಯಿತು, ಬರೆದು ತಿಳಿಸಿ.

ನಿಮ್ಮ ಅಕ್ಕ,
ಮಾಲೂರು