ಹಳೆಯ ರೀಲು ಎಷ್ಟು ಹೇಳೀತು?

ಕೆಜಿಎಫ್‌ನಲ್ಲಿ ಬಾಕ್ಸಿಂಗ್ ಮಾತು ಬಂದರೆ ಸಾಕು, ಕೂತವರಲ್ಲಿ ಎರಡು ಪಕ್ಷ ಆಗಿಬಿಡುತ್ತದೆ. ಚಿನ್ನದ ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿಯ ಕಾಲದಲ್ಲಿ ಹಾಕಿ, ಫುಟ್‌ಬಾಲ್ ಜೊತೆಗೆ ಬಾಕ್ಸಿಂಗ್ ಕೂಡ ಗಣಿ ಲೈನುಗಳಲ್ಲಿ ಬೇರುಬಿಟ್ಟಿತ್ತು. ಆ ಪಂದ್ಯಗಳನ್ನು ಕಂಡವರ ಮಕ್ಕಳಿಗೆ ಇವತ್ತಿಗೂ ಅಪ್ಪಂದಿರ ಮಾತೇ ಪ್ರಮಾಣ: ‘ಆ ಕಾಲದವರ ಕೈ ಈಗ ಯಾರಿಗಿದೆ?’ ಎದುರಿಗೆ ಕೂತ ಹುಡುಗ ಮೊಬೈಲ್ ತೆಗೆದು 1910ರ ಜ್ಯಾಕ್ ಜಾನ್ಸನ್‌ನನ್ನು ತೋರಿಸುತ್ತಾನೆ. ಕೈ ಕೆಳಗೆ, ಗಲ್ಲ ಮೇಲೆ, ಮೈ ಹಿಂದಕ್ಕೆ ವಾಲಿದೆ, ಎರಡೇಟು ಬೀಳುವಷ್ಟರಲ್ಲಿ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಾರೆ. ‘ಇವನೇನಾ ತಾತಾ ನಿಮ್ಮ ದೊಡ್ಡ ಹೆವಿವೇಟು?’

ಇದೇ ಜಗಳವನ್ನು ಅಮೆರಿಕದಲ್ಲಿ ದೊಡ್ಡವರೂ ಆಡಿದ್ದಾರೆ. 1922ರಲ್ಲಿ ‘ದ ರಿಂಗ್’ ಪತ್ರಿಕೆ ಶುರುಮಾಡಿದ ನ್ಯಾಟ್ ಫ್ಲೈಷರ್ ದಶಕಗಟ್ಟಲೆ ರಿಂಗಿನ ಪಕ್ಕದಲ್ಲೇ ಕೂತು ಪಂದ್ಯ ನೋಡಿದವರು. ಅವರ ಹೆವಿವೇಟ್ ಪಟ್ಟಿಯಲ್ಲಿ ಮೊದಲ ಹೆಸರು ಜಾನ್ಸನ್, ಎರಡನೆಯದು ಜೇಮ್ಸ್ ಜೆಫ್ರೀಸ್. ಅವರಿಗೆ ಎದುರಾಗಿ ನಿಂತವರು ಜಿಮ್ ಜೇಕಬ್ಸ್. ಹ್ಯಾಂಡ್‌ಬಾಲ್ ಚಾಂಪಿಯನ್ ಆಗಿದ್ದು, ಬಾಕ್ಸಿಂಗ್ ರೀಲುಗಳ ಬಹುದೊಡ್ಡ ಸಂಗ್ರಹ ಮಾಡಿ, ಕೊನೆಗೆ ಮೈಕ್ ಟೈಸನ್‌ನ ಮ್ಯಾನೇಜರ್ ಆದ ಮನುಷ್ಯ. ರೀಲು ಕಣ್ಣೆದುರಿಗಿರುವಾಗ ನೆನಪನ್ನು ಯಾಕೆ ನಂಬಬೇಕು ಎಂಬುದು ಅವರ ಪಟ್ಟು. ಗಡಿಯಾರ ಇಟ್ಟು ಅಳೆಯುವ ಆಟಗಳೆಲ್ಲ ಮುಂದಕ್ಕೆ ಹೋಗಿರುವಾಗ ಬಾಕ್ಸಿಂಗ್ ಒಂದೇ ಹಿಂದಕ್ಕೆ ಹೋಯಿತೆ ಎಂದು ಅವರು ಕೇಳುತ್ತಿದ್ದರು. ಈ ಪ್ರಶ್ನೆಯನ್ನು ತಳ್ಳಿಹಾಕುವುದು ಸುಲಭವಲ್ಲ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಜಾನಿ ವೈಸ್‌ಮುಲ್ಲರ್ 100 ಮೀಟರ್ ಈಜಿ ಚಿನ್ನ ಗೆದ್ದದ್ದು 59 ಸೆಕೆಂಡಿನಲ್ಲಿ. ನೂರು ವರ್ಷದ ನಂತರ ಅದೇ ಊರಿನಲ್ಲಿ ಚೀನಾದ ಹುಡುಗ ಅದನ್ನು 46.40ಕ್ಕೆ ಮುಗಿಸಿದ.

ರೀಲು ಬಾಯಿಮಾತನ್ನು ಸೋಲಿಸಿದ ಉದಾಹರಣೆಯೂ ಇದೆ. 1915ರ ಏಪ್ರಿಲ್ 5ರಂದು ಹವಾನಾದಲ್ಲಿ ಜಾನ್ಸನ್ 26ನೇ ರೌಂಡಿನಲ್ಲಿ ಜೆಸ್ ವಿಲ್ಲರ್ಡ್‌ಗೆ ಸೋತ. ಬೇಕೆಂದೇ ಬಿದ್ದೆ ಅಂತ ಆಮೇಲೆ ತಾನೇ ಹೇಳಿಕೊಂಡ. ಬಿದ್ದಲ್ಲಿ ಬಿಸಿಲಿಗೆ ಕೈ ಅಡ್ಡ ಹಿಡಿದಂತೆ ಕಾಣುವ ಒಂದು ಫೋಟೊ ಆ ಮಾತಿಗೆ ಸಾಕ್ಷಿಯಾಗಿ ಓಡಾಡಿತು. ಪಂದ್ಯದ ಚಿತ್ರ ಸಿಕ್ಕಿದಾಗ ಕಂಡದ್ದು ಬೇರೆ: ಗೆಲ್ಲಲೆಂದೇ ಹೊಡೆದಾಡಿ, ಸೆಕೆಯಲ್ಲಿ ಹೊತ್ತು ಕಳೆದಂತೆ ಕಾಲು ಸೋತು ನಿಧಾನವಾದ 37 ವರ್ಷದ ಮನುಷ್ಯ. ಒಂದು ಫೋಟೊ ಹೇಳಿದ್ದನ್ನು ಇಡೀ ಪಂದ್ಯ ಒಪ್ಪಲಿಲ್ಲ. ಹೆವಿವೇಟುಗಳಾದ ಟನ್ನಿ–ಡೆಂಪ್ಸಿ ನಡುವಿನ 1927ರ ಷಿಕಾಗೊ ಪಂದ್ಯವೂ ಹಾಗೇ. ರೆಫರಿಯ ಎಣಿಕೆ ತಡವಾಗಿ ಶುರುವಾದ್ದರಿಂದ ಟನ್ನಿ ನೆಲದ ಮೇಲಿದ್ದ ಹೊತ್ತು ಹತ್ತು ಸೆಕೆಂಡಿಗಿಂತ ಹೆಚ್ಚೆಂದು ಚಿತ್ರ ನೋಡಿ ಎಣಿಸಬಹುದು. ಬೇಕಿದ್ದರೆ ಹತ್ತರೊಳಗೆ ಏಳುತ್ತಿದ್ದನೇ ಎಂಬುದನ್ನು ಮಾತ್ರ ಚಿತ್ರ ನೋಡಿ ಹೇಳಲಾಗದು.

ಇನ್ನು ತಾತನ ಪಕ್ಷ. ಆ ಹುಡುಗ ಮೊಬೈಲಿನಲ್ಲಿ ನೋಡುತ್ತಿರುವುದು ಜಾನ್ಸನ್‌ನ ನಿಜವಾದ ಚಲನೆಯನ್ನಲ್ಲ. ಆಗಿನ ಕ್ಯಾಮೆರಾವನ್ನು ಕೈಯಲ್ಲಿ ತಿರುಗಿಸುತ್ತಿದ್ದರು, ಸೆಕೆಂಡಿಗೆ ಸುಮಾರು 16 ಚಿತ್ರ. ಅದನ್ನೇ 24ರ ವೇಗದಲ್ಲಿ ಓಡಿಸಿದರೆ ಎಲ್ಲವೂ ಒಂದೂವರೆ ಪಟ್ಟು ಜೋರಾಗುತ್ತದೆ, ಕಾಲು ಕುಪ್ಪಳಿಸುತ್ತದೆ, ಏಟಿಗೆ ತೂಕವೇ ಕಾಣುವುದಿಲ್ಲ. ಹಳೆಯ ಗ್ರಾಮಫೋನ್ ಪ್ಲೇಟು ಕೇಳುವವರಿಗೆ ಇದು ಗೊತ್ತಿರುವ ಕಷ್ಟ. ತಟ್ಟೆ ತಪ್ಪು ವೇಗದಲ್ಲಿ ತಿರುಗಿದರೆ ಶ್ರುತಿಯೇ ಮೇಲೇರುತ್ತದೆ. ಶ್ರುತಿ ಸರಿಮಾಡಿಕೊಂಡ ಮೇಲೂ ಕೈಗೆ ಸಿಗುವುದು ಮೂರೂವರೆ ನಿಮಿಷದ ಹಾಡು. ಅಷ್ಟರಲ್ಲಿ ವಿದ್ವಾಂಸರ ಗಮಕವನ್ನು ತೂಗಬಹುದು, ನಾಲ್ಕು ತಾಸಿನ ಕಚೇರಿಯನ್ನು ತೂಗಲಾಗದು.

ವೇಗ ಸರಿಪಡಿಸಿ ನೋಡಿದರೆ ಜಾನ್ಸನ್ ಬೇರೆಯೇ ಆಳು. ಎದುರಾಳಿಯ ಏಟು ಹೊರಡುವ ಹೊತ್ತಿಗೇ ಅವನ ತೆರೆದ ಗ್ಲೌಸ್ ಅದರ ದಾರಿಯಲ್ಲಿರುತ್ತದೆ, ಹಲವು ಸಲ ಏಟಿನ ಮೇಲೆಯೇ ಅಲ್ಲ, ಎದುರಾಳಿಯ ತೋಳಿನ ಮೇಲೆ. ಆ ಕೆಳಗಿಟ್ಟ ಕೈ ಅಜ್ಞಾನವಲ್ಲ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಹುಡುಗ ನಕ್ಕ ಆ ತಬ್ಬುವಿಕೆಯೂ ವಿಶ್ರಾಂತಿಯಲ್ಲ. ಕ್ಲಿಂಚ್‌ನಲ್ಲಿ ಎದುರಾಳಿಯ ತೋಳು ಹಿಡಿದು, ಅವನನ್ನು ಜಗ್ಗಿ ಸುಸ್ತುಮಾಡಿ, ಸಂದಿಯಲ್ಲಿ ಅಪ್ಪರ್‌ಕಟ್ ಏರಿಸುವುದು ಆ ಕಾಲದ ಒಂದು ವಿದ್ಯೆ. ಈಗಿನ ರೆಫರಿಗಳು ಬೇಗ ಬಿಡಿಸುವುದರಿಂದ ಆ ವಿದ್ಯೆಗೆ ಈಗ ಜಾಗ ಕಡಿಮೆ. ಗ್ಲೌಸ್ ಆಗ ಸಾಮಾನ್ಯವಾಗಿ 5 ಔನ್ಸ್, ಇಂದಿನ ವೃತ್ತಿಪರ ಹೆವಿವೇಟುಗಳಿಗೆ 10. ಸಣ್ಣ ಗ್ಲೌಸ್ ಮುಖದ ಮುಂದೆ ಹಿಡಿದರೆ ಅದರ ಹಿಂದೆ ಅಡಗಲಾಗದು, ಆದ್ದರಿಂದ ದೂರವೇ ಗಾರ್ಡು. ರೀನೋದಲ್ಲಿ ಜಾನ್ಸನ್–ಜೆಫ್ರೀಸ್ ಪಂದ್ಯ ನಿಗದಿಯಾಗಿದ್ದು 45 ರೌಂಡಿಗೆ, ಮುಗಿದದ್ದು 15ರಲ್ಲಿ. ನಲವತ್ತೈದು ರೌಂಡು ಇಟ್ಟುಕೊಂಡವನು 12 ರೌಂಡಿನವನ ಹಾಗೆ ಏಟು ಸುರಿಯುವುದಿಲ್ಲ.

ಇಷ್ಟು ಹೇಳಿದ ಮೇಲೂ ಹಳಬರ ಅಭಿಮಾನಿಗಳು ಒಂದು ಮಾತು ಒಪ್ಪಲೇಬೇಕು ಅನ್ನಿಸುತ್ತದೆ. ವೇಗ ಸರಿ ಮಾಡಿ, ನಿಯಮ ನೆನಪಿಟ್ಟುಕೊಂಡು ನೋಡಿದರೂ 1910ರ ಹೆವಿವೇಟುಗಳು ಏಟುಗಳನ್ನು ಒಂದೊಂದಾಗಿ, ಹೆಚ್ಚೆಂದರೆ ಎರಡೆರಡಾಗಿ ಹೊಡೆಯುತ್ತಾರೆ. 1938ರ ಜೂನ್‌ನಲ್ಲಿ ಜೋ ಲೂಯಿಸ್ ಮ್ಯಾಕ್ಸ್ ಷ್ಮೆಲಿಂಗ್‌ನನ್ನು ಮೊದಲ ರೌಂಡಿನಲ್ಲೇ, 124 ಸೆಕೆಂಡಿನಲ್ಲಿ ಮುಗಿಸಿದ ಚಿತ್ರ ನೋಡಿ: ಕೈ ಸ್ವಲ್ಪವೇ ಚಲಿಸುತ್ತದೆ, ಒಂದು ಏಟು ಮುಂದಿನ ಏಟಿಗೆ ಜಾಗ ಮಾಡಿಕೊಡುತ್ತದೆ, ಕಾಲು ಎಂದೂ ತಪ್ಪಾದ ಕಡೆ ಇರುವುದಿಲ್ಲ. ಆ 28 ವರ್ಷದಲ್ಲಿ ವಿದ್ಯೆ ಬೆಳೆದದ್ದು ಕ್ಯಾಮೆರಾದ ಭ್ರಮೆಯಲ್ಲ. ಹಾಗಂತ ಲೂಯಿಸ್‌ನಿಂದ ಇವತ್ತಿನವರೆಗೂ ಅಷ್ಟೇ ಬೆಳೆಯಿತು ಎಂದು ಲೆಕ್ಕ ಮುಂದುವರಿಸುವವರ ಮಾತು ನನಗೆ ಒಪ್ಪಿಗೆಯಿಲ್ಲ. ಈಗಿನವರು ಎತ್ತರ, ತೂಕದಲ್ಲಿ ದೊಡ್ಡವರು. 49ಕ್ಕೆ 49 ಗೆದ್ದ ರಾಕಿ ಮಾರ್ಸಿಯಾನೊ ಸುಮಾರು 84 ಕಿಲೊ ತೂಗುತ್ತಿದ್ದ. ಈಗಿನ ಚಾಂಪಿಯನ್ನರಲ್ಲಿ 110 ದಾಟಿದವರು ಬೇಕಾದಷ್ಟು. ಇಪ್ಪತ್ತೈದು ಕಿಲೊ ಹೆಚ್ಚಿದ್ದವನು ಗೆದ್ದಾನು, ಆದರೆ ಅದು ವಿದ್ಯೆಯ ಅಳತೆಯಲ್ಲ. ವೈಸ್‌ಮುಲ್ಲರ್ ಲೆಕ್ಕ ಬಾಕ್ಸಿಂಗಿಗೆ ಪೂರ್ತಿ ಹೊಂದದಿರುವುದೂ ಇಲ್ಲೇ. ನೀರು ತಿರುಗಿ ಹೊಡೆಯುವುದಿಲ್ಲ. ತಿರುಗಿ ಹೊಡೆಯುವವನ ಮುಂದೆ ಕಲಿಯುವುದು ಪಂದ್ಯ ಆಡಿಯೇ, ಮತ್ತು ಆಗಿನವರು ಆಡಿದ ಪಂದ್ಯಗಳ ಸಂಖ್ಯೆ ಈಗಿನವರ ಹಲವು ಪಟ್ಟು.

ಹ್ಯಾರಿ ಗ್ರೆಬ್ ಸುಮಾರು 300 ಪಂದ್ಯ ಆಡಿದ. ಮಿಡ್ಲ್‌ವೇಟ್ ಆಗಿದ್ದುಕೊಂಡೇ 1922ರಲ್ಲಿ ಮುಂದಿನ ಹೆವಿವೇಟ್ ಚಾಂಪಿಯನ್ ಟನ್ನಿಯನ್ನು ಸೋಲಿಸಿದ. ಟನ್ನಿ ವೃತ್ತಿಜೀವನದಲ್ಲಿ ಸೋತದ್ದು ಅದೊಂದೇ ಸಲ. ಗ್ರೆಬ್ ಅಭ್ಯಾಸ ಮಾಡುವ ತುಣುಕು ಉಳಿದಿದೆ, ಪಂದ್ಯದ ಚಿತ್ರ ಒಂದೂ ಇಲ್ಲ. ರೀಲೇ ಪ್ರಮಾಣ ಅಂದರೆ ಅವನು ಇರಲೇ ಇಲ್ಲ ಅನ್ನಬೇಕು! ಕೆಲವು ಚಿತ್ರಗಳಂತೂ ಬೇಕೆಂದೇ ಕಾಣದಂತಾದವು. 1908ರಲ್ಲಿ ಸಿಡ್ನಿಯಲ್ಲಿ ಕರಿಯನೊಬ್ಬ, ಇದೇ ಜಾನ್ಸನ್, ಮೊದಲ ಸಲ ಹೆವಿವೇಟ್ ಚಾಂಪಿಯನ್ ಆಗುವ ಹೊತ್ತಿಗೆ ಪೊಲೀಸರು ಪಂದ್ಯ ನಿಲ್ಲಿಸಿದರು, ಕ್ಯಾಮೆರಾವೂ ನಿಂತಿತು. ರೀನೋದಲ್ಲಿ ಜಾನ್ಸನ್ ಗೆದ್ದ ಮೇಲೆ, 1912ರಲ್ಲಿ, ಬಾಕ್ಸಿಂಗ್ ಚಿತ್ರಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸದಂತೆ ಅಮೆರಿಕ ಕಾನೂನು ತಂದಿತು. ಅದು 1940ರವರೆಗೆ ಇತ್ತು. ನಮ್ಮ ದೇಶಕ್ಕೆ ತೋಪುದಳದ ಸೈನಿಕನಾಗಿ ಬಂದು 1909ರಲ್ಲಿ ಅಖಿಲ ಭಾರತ ಹೆವಿವೇಟ್ ಚಾಂಪಿಯನ್ ಆದ ಬಾಂಬಾರ್ಡಿಯರ್ ಬಿಲ್ಲಿ ವೆಲ್ಸ್ 1911ರಲ್ಲಿ ಲಂಡನ್ನಿನಲ್ಲಿ ಜಾನ್ಸನ್‌ಗೆ ಎದುರಾಗಬೇಕಿತ್ತು. ಗೃಹಮಂತ್ರಿಯಾಗಿದ್ದ ಚರ್ಚಿಲ್ ಅದನ್ನು ತಡೆದರು. ಕರಿಯರು ಬಿಳಿಯರನ್ನು ಹೊಡೆಯುವುದನ್ನು ಜನ ನೋಡಬಾರದೆಂದು ನಿಂತವರ ನಡುವೆ ಉಳಿದು ಬಂದ ಈ ಸಂಗ್ರಹವನ್ನು ನಿಷ್ಪಕ್ಷಪಾತ ಸಾಕ್ಷಿ ಎನ್ನಲು ನನಗೆ ಮನಸ್ಸಾಗುವುದಿಲ್ಲ. ನಮ್ಮ ಕಡೆಗೆ ಬಂದರೆ, ಅಮೆರಿಕದಿಂದ ಬಂದು ಬೆಂಗಳೂರಿನಲ್ಲಿ ನೆಲೆನಿಂತ ಕರಿಯ ಬಾಕ್ಸರ್ ಗನ್‌ಬೋಟ್ ಜಾಕ್‌ನ ಹೆಸರು ಉಳಿದದ್ದು ಬಾಯಿಮಾತಿನಲ್ಲಿ ಮತ್ತು ಪತ್ರಿಕೆಯ ಸಾಲುಗಳಲ್ಲಿ. ಕೆಜಿಎಫ್‌ನ ಚಾಂಪಿಯನ್ ರೀಫ್, ಊರಿಗಾಂ, ಮಾರಿಕುಪ್ಪಂ ಹುಡುಗರ ಪಂದ್ಯಗಳಿಗೆ ಪತ್ರಿಕೆಯ ಸಾಲಾದರೂ ಸಿಕ್ಕದ್ದು ಕಡಿಮೆ.

ಹಾಗಾದರೆ ತೀರ್ಪು ಕೊಡುವುದು ಹೇಗೆ? ನಾನು ಪ್ರಶ್ನೆಯನ್ನೇ ಒಡೆದುಕೊಳ್ಳುತ್ತೇನೆ. ಪಾದ ಎಲ್ಲಿದೆ, ದೂರ ಹೇಗೆ ಕಾಯುತ್ತಾನೆ, ಏಟು ಬರುವಾಗ ಕಣ್ಣು ಮುಚ್ಚುತ್ತಾನೋ ಇಲ್ಲವೋ, ಇವಕ್ಕೆ ರೀಲು ಸಾಕು. ಈ ಲೆಕ್ಕದಲ್ಲಿ ಜಾನ್ಸನ್‌ನ ರಕ್ಷಣೆ ಯಾವ ಕಾಲದಲ್ಲಿಟ್ಟರೂ ಮೇಲ್ದರ್ಜೆಯದು, ಅವನ ದಾಳಿ ಲೂಯಿಸ್‌ನ ಮುಂದೆ ಅರ್ಧಕ್ಕೇ ನಿಂತದ್ದು. ಏಟಿನ ಭಾರ, 20ನೇ ರೌಂಡಿನ ಉಸಿರು, ಸೋಲುತ್ತಿರುವಾಗ ಪಟ್ಟು ಬದಲಿಸುವ ಬುದ್ಧಿ, ಇವಕ್ಕೆ ಎದುರಿಗೆ ನಿಂತು ಏಟು ತಿಂದವರ, ಪಕ್ಕದಲ್ಲಿ ಕೂತವರ ಮಾತು ಬೇಕು. ಅದರಲ್ಲೂ ಸೋತವರ ಮಾತಿಗೆ ಹೆಚ್ಚು ಬೆಲೆ, ಗೆದ್ದವರ ಅಭಿಮಾನಿಗಳದಕ್ಕೆ ಕಡಿಮೆ. ಜಾನ್ಸನ್ ಮತ್ತು ಮುಹಮ್ಮದ್ ಅಲಿ ಎದುರಾಗಿದ್ದರೆ ಎಂಬ ಪ್ರಶ್ನೆಗೆ ಎರಡೂ ಸೇರಿದರೂ ಉತ್ತರವಿಲ್ಲ. ಕಂಪ್ಯೂಟರ್ ಲೆಕ್ಕದ ಹೆಸರಿನಲ್ಲಿ 1969ರಲ್ಲಿ ಮಾರ್ಸಿಯಾನೊ–ಅಲಿ ಪಂದ್ಯ ಚಿತ್ರಿಸಿ 1970ರಲ್ಲಿ ಥಿಯೇಟರುಗಳಲ್ಲಿ ತೋರಿಸಿದರು. ಅದು ಒಳ್ಳೆಯ ವ್ಯಾಪಾರವಾಯಿತು, ಅಷ್ಟೇ.

ಕೆಜಿಎಫ್‌ನ ಆ ಹುಡುಗನಿಗೆ ಹೇಳುವುದಿದ್ದರೆ ಇಷ್ಟು: ಮೊಬೈಲಿನಲ್ಲೇ ವೇಗವನ್ನು 0.75ಕ್ಕೆ ಇಳಿಸಿ, ರೀನೋ ಪಂದ್ಯದ ಒಂದೇ ರೌಂಡನ್ನು ಜಾನ್ಸನ್‌ನ ಎಡಗೈ ಮೇಲೆ ಮಾತ್ರ ಕಣ್ಣಿಟ್ಟು ಮತ್ತೆ ನೋಡು. ಮತ್ತೆ, ನೀನು ಈಗ ಚಿತ್ರಿಸಿಕೊಳ್ಳುವ ನಿನ್ನ ಗೆಳೆಯರ ಪಂದ್ಯಗಳ ಜೊತೆ ತಾರೀಖು, ಗ್ಲೌಸಿನ ತೂಕ, ಎಷ್ಟು ರೌಂಡು, ಆಡಿದವರ ತೂಕ, ರೆಫರಿ ಯಾರು, ಎಲ್ಲ ಬರೆದಿಡು.